ಲಕ್ಕಪ್ಪ ಕರೆತಂದ ಮುಯ್ಯಾಳುಗಳು

ಆ ಆಷಾಢದಲ್ಲಿ ಲಕ್ಕಪ್ಪನಿಗೆ ಬೇಕಾಗಿದ್ದದ್ದು ಒಂದೇ, ಎಲ್ಲಾದರೂ ನಾಲ್ಕು ದಿನ ಸುಮ್ಮನೆ ಕೂರುವುದು. ಹೆಗ್ಗದ್ದೆಯ ಕಡೆಯ ಗುಡ್ಡಗಳಲ್ಲಿ ಅವನನ್ನು ಕೂರಗೊಡುವವರು ಯಾರೂ ಇರಲಿಲ್ಲ.

ಅರ್ಧ ಆಯಸ್ಸು ಎಸ್ಟೇಟಿನಲ್ಲಿ ಕಾಫಿ ಗಿಡ ಸವರುವುದರಲ್ಲೇ ಕಳೆದಿತ್ತು. ಕಾಫಿ ಬೆಲೆ ನೆಲಕಚ್ಚಿದ ಮೇಲೆ ಸಾಹುಕಾರ ಮೋಹನ್ ಹಳೇ ಬಂಗಲೆಗೆ ಸುಣ್ಣ ಬಳಿಸಿ ಹೋಂಸ್ಟೇ ಎಂದು ಹೆಸರಿಟ್ಟ. ಲಕ್ಕಪ್ಪನ ಕೈಯಿಂದ ಕತ್ತಿ ತೆಗೆಸಿ, ತಲೆಗೊಂದು ಟೋಪಿ ಇಟ್ಟು, ಗೈಡ್ ಮಾಡಿದ. ಗೇಟಿನ ಬೋರ್ಡಿನಲ್ಲಿ ‘ಗಿರಿಜನರ ಹಳ್ಳಿ, ಮೆಟ್ಟಿಲು ಗದ್ದೆಗಳ ಚಾರಣ’ ಎಂದು ಬರೆಸಿದ. ಗಿರಿಜನರು ಅಂದರೆ ಯಾರು ಎಂದು ಲಕ್ಕಪ್ಪ ಕೇಳಿದ್ದಕ್ಕೆ, ಗುಡ್ಡದಲ್ಲಿ ಇರುವವರು ನೀವೇ ಅಲ್ಲವೇನೋ ಎಂದು ನಕ್ಕುಬಿಟ್ಟ. ಅಂದಿನಿಂದ ಬಂದ ತಂಡದವರೆಲ್ಲ ಗಿರಿಜನರು ಎಲ್ಲಿ ಸಿಗುತ್ತಾರೆಂದು ಲಕ್ಕಪ್ಪನನ್ನೇ ಕೇಳುವುದು, ಮುಂದೆ ಸಿಗುತ್ತಾರೆ ನಡೆಯಿರಿ ಎಂದು ಅವನು ಹೇಳುವುದು, ಹೀಗೇ ನಡೆದಿತ್ತು. ಮಳೆ, ಜಿಗಣೆ, ಜಾರುವ ಏರು. ಹಿಂದೆ ಬರುವವರು ಸುಸ್ತಾಯಿತೆಂದು ಬಂಡೆಯ ಮೇಲೆ ಕುಳಿತರೆ ಇವನು ನಿಂತೇ ಕಾಯಬೇಕು. ಗೈಡ್ ಕುಳಿತರೆ ಜನ ಹೆದರುತ್ತಾರೆ ಎಂದು ಮೋಹನ್ ಕಟ್ಟಪ್ಪಣೆ ಮಾಡಿದ್ದ.

ಆ ಮೆಟ್ಟಿಲು ಗದ್ದೆಗಳಲ್ಲಿ ಹಳ್ಳದ ಪಕ್ಕದ ಒಂದು ತುಂಡು ಲಕ್ಕಪ್ಪನದೇ. ಮನೆಯ ವರ್ಷದ ಅನ್ನ ಅದರಿಂದಲೇ. ಈ ಸಲ ಭತ್ತದ ಸಸಿಗೆ ವಯಸ್ಸಾಗಿ ತುದಿ ಹಳದಿಗೆ ತಿರುಗುತ್ತಿತ್ತು, ನಾಟಿ ಇನ್ನು ತಡ ಮಾಡುವಂತಿರಲಿಲ್ಲ. ಆ ಊರಿನಲ್ಲಿ ನಾಟಿ ನಡೆಯುವುದು ಮುಯ್ಯಾಳಿನ ಮೇಲೆ. ನನ್ನ ಗದ್ದೆಗೆ ನೀನು ಒಂದು ದಿನ ಬಾಗು, ನಿನ್ನ ಗದ್ದೆಗೆ ನಾನು ಒಂದು ದಿನ ಬಾಗುತ್ತೇನೆ ಎಂಬ ಲೆಕ್ಕ. ಅಲ್ಲಿ ಕೂಲಿಯ ಮಾತೆತ್ತಿದರೆ ಮುಖಕ್ಕೆ ಹೊಡೆದಂತೆ. ಲಕ್ಕಪ್ಪನ ಮನೆಯ ಮುಯ್ಯಿ ತೀರಿಸುತ್ತಿದ್ದವಳು ಹೆಂಡತಿ ಮೀನಾಕ್ಷಮ್ಮ. ಅವಳು ಬದುವಿನ ಮೇಲೆ ಜಾರಿ ಕೈ ಮುರಿದುಕೊಂಡಿದ್ದರಿಂದ ಭಾನುವಾರ ಭೂತಮ್ಮನ ಗದ್ದೆಯ ನಾಟಿಗೆ ಇವನೇ ಹೋಗಬೇಕಾಗಿತ್ತು. ಹೋಗದಿದ್ದರೆ ನಾಳೆ ಇವನ ಗದ್ದೆಗೆ ಯಾರೂ ಇಳಿಯುವುದಿಲ್ಲ. ಭೂತಮ್ಮ ಅಂದರೆ ನಾಟಿಯ ಹೆಂಗಸರಿಗೆಲ್ಲ ಹಿರಿಯಳು. ಅವಳು ಹೂಂ ಅಂದರೆ ಎಲ್ಲರೂ ಹೂಂ.

ಅದೇ ಭಾನುವಾರ ಮೋಹನ್ ಮೈಸೂರಿನ ತಂಡವೊಂದನ್ನು ಒಪ್ಪಿಕೊಂಡಿದ್ದ. ಆಗದು ಎಂದರೆ ಮಾರನೇ ದಿನ ಟೋಪಿ ಇನ್ನೊಬ್ಬನ ತಲೆಯ ಮೇಲಿರುತ್ತಿತ್ತು. ದಣಿದ ತಲೆಗೆ ಬರುವ ಉಪಾಯಗಳೇ ಅಂಥವು ನೋಡಿ, ಲಕ್ಕಪ್ಪನಿಗೆ ಒಂದು ಉಪಾಯ ಹೊಳೆಯಿತು. ಇಡೀ ತಂಡವನ್ನೇ ಭೂತಮ್ಮನ ಗದ್ದೆಗೆ ಇಳಿಸಿದರೆ ಹೇಗೆ? ಒಬ್ಬನ ಬದಲು ಇಷ್ಟೊಂದು ಆಳು. ಎರಡೂ ಕಡೆಯ ಋಣ ಒಂದೇ ನಡಿಗೆಯಲ್ಲಿ ಹರಿಯಿತಲ್ಲ ಎಂದು ಅವನಿಗೆ ಮೈ ಹಗುರಾಯಿತು.

ತಂಡದವರು ಪ್ಯಾಂಟು ಮಡಿಚಿ ಕೆಸರಿಗೆ ಇಳಿದರು, ಬಿದ್ದರು, ಕ್ಯಾಮೆರಾಕ್ಕೆ ಹಲ್ಲು ಕಿರಿದರು. ನೆಟ್ಟ ಸಾಲನ್ನೇ ತುಳಿದು ಫೋಟೋಕ್ಕೆ ನಿಂತರು. ಅವರು ಊರಿದ ಸಸಿಗಳು ಒಂದೊಂದಾಗಿ ಮೇಲೆದ್ದು ನೀರಿನಲ್ಲಿ ತೇಲಿದವು. ಲಕ್ಕಪ್ಪ ಬದುವಿನ ಮೇಲೆ ಬೂಟು ಹಾಕಿಕೊಂಡು ನಿಂತೇ ಇದ್ದ; ಕೆಸರು ಸಾಕಾದವರು ಮುಂದಿನ ಜಲಪಾತಕ್ಕೆ ಹೋಗೋಣವೆಂದು ಅವನನ್ನು ಅವಸರಪಡಿಸುತ್ತಿದ್ದರು. ಭೂತಮ್ಮ ಬೈಯಲಿಲ್ಲ. ಬಂದವರಿಗೆ ಬೆಲ್ಲದ ಕಾಫಿ ಕೊಟ್ಟು ಕಳಿಸಿದಳು. ಹಳ್ಳ ದಾಟುವಾಗ ಲಕ್ಕಪ್ಪ ಹಿಂದಿರುಗಿ ನೋಡಿದ. ಹೆಂಗಸರು ತಂಡದವರು ನೆಟ್ಟ ಮೂಲೆಯನ್ನೆಲ್ಲ ಕಿತ್ತು ಮತ್ತೆ ನೆಡುತ್ತಿದ್ದರು. 

ತನ್ನ ನಾಟಿಯ ದಿನ ಯಾರೂ ಬರುವುದಿಲ್ಲವೆಂದೇ ಅವನು ಗದ್ದೆಗೆ ಹೋದ. ಎಲ್ಲರೂ ಬಂದಿದ್ದರು. ಭೂತಮ್ಮ ಎಲ್ಲರಿಗಿಂತ ಮುಂಚೆ ಬಂದು ಸಸಿಯ ಕಟ್ಟುಗಳನ್ನು ನೆಡುವವರ ಮುಂದಕ್ಕೆ ಎಸೆಯುತ್ತಿದ್ದಳು. ಲಕ್ಕಪ್ಪನಿಗೆ ಕಣ್ಣು ತುಂಬಿ ಬಂತು. ಸೊಂಟ ಬಿದ್ದುಹೋದರೂ ಅವನು ಅಂದು ತಲೆ ಎತ್ತಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಗದ್ದೆ ತುಂಬಿತು.

ಕೈಕಾಲು ತೊಳೆದು ಹೊರಟ ಭೂತಮ್ಮ ಬದುವಿನ ಮೇಲೆ ನಿಂತಳು. ಅವಳ ದನಿಯಲ್ಲಿ ಸಿಟ್ಟೇ ಇರಲಿಲ್ಲ.

‘ಮೀನಾಕ್ಷಿ ಇಷ್ಟು ವರ್ಷ ನಂಗೆ ಬಗ್ಗವ್ಳೆ, ಅದುಕ್ಕೇ ಬಂದೆ ಕಣೋ. ಮುಂದ್ಲೊರ್ಷದಿಂದ ನೀವು ಬರಾದು ಬ್ಯಾಡ, ನಾವೂ ಬರಾಕಿಲ್ಲ. ನಿಂಗೆ ಬ್ಯಾರೆ ಕೆಲ್ಸ ಆಗೈತೆ. ಸುದಾರಿಸ್ಕೊ ಮಾರಾಯ.’

ಹಾಗನ್ನಬೇಡ, ಸಾಯುವವರೆಗೂ ಬರುತ್ತೇನೆ ಎಂದು ಲಕ್ಕಪ್ಪನಿಗೆ ಅವಳ ಕಾಲು ಹಿಡಿಯಬೇಕೆನಿಸಿತು. ಆದರೆ ಬೆಳಿಗ್ಗೆ ಇನ್ನೊಂದು ತಂಡ ಬರುವುದಿತ್ತು. ಅದು ಅವಳಿಗೂ ಗೊತ್ತಿತ್ತು.

ಮನೆಯಲ್ಲಿ ಮೀನಾಕ್ಷಮ್ಮ ಪಟ್ಟಿ ಕಟ್ಟಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಇನ್ನೊಂದು ಕೈಯಿಂದ ಮುದ್ದೆ ಬಡಿಸಿದಳು. ನಾಟಿ ಮುಗಿಯಿತಲ್ಲ, ಮತ್ತೇಕೆ ಮುಖ ಸಪ್ಪಗೆ, ಭೂತಮ್ಮ ಏನಂದಳು ಎಂದು ಕೇಳಿದಳು.

‘ಸುದಾರಿಸ್ಕೊ ಅಂದ್ಲು. ಮುಂದ್ಲೊರ್ಷದಿಂದ ಮುಯ್ಯಿ ಬ್ಯಾಡ್ವಂತೆ.’

ಮದುವೆಯಾಗಿ ಬಂದ ವರ್ಷದಿಂದ ಆ ಹೆಂಗಸರ ಸಾಲಿನಲ್ಲಿ ಬಾಗಿದ್ದವಳು ಅವಳು. ಸಾರಿನ ಸೌಟನ್ನು ಕೆಳಗಿಟ್ಟಳು.

‘ನನ್ನೂ ಬುಟ್ಬುಟ್ರಾ?’ ಎಂದಳು.

ಲಕ್ಕಪ್ಪ ತಟ್ಟೆಯ ಮುಂದೆ ಸುಮ್ಮನೆ ಕುಳಿತೇ ಇದ್ದ.