ಬಿದ್ದರೆ ಕಳಚುವ ಜೋಡು

ಬೈರಾಪಟ್ಟಣದ ಪುಟ್ಟಲಿಂಗಯ್ಯನಿಗೆ ಅನುಮಾನ ಎನ್ನುವುದು ಹೊಕ್ಕುಳಬಳ್ಳಿಯ ಜೊತೆಗೇ ಬಂದಿತ್ತು. ಸೂಲಗಿತ್ತಿ ಬಳ್ಳಿ ಕುಯ್ದಳು, ಅನುಮಾನವನ್ನು ಮರೆತಳು. ಚನ್ನಪಟ್ಟಣದ ಬೊಂಬೆ ಕೊಂಡರೆ ಒಳಗೆ ಮರ ಇದೆಯೋ ಇಲ್ಲವೋ ಎಂದು ಅರಗಿನ ಬಣ್ಣ ಕೆರೆದು ನೋಡುತ್ತಿದ್ದ. ಸಂಜೆ ಹೊತ್ತು ತನ್ನ ನೆರಳು ಉದ್ದವಾದರೆ ತಿರುಗಿ ನಿಂತು, “ಯಾಕ್ಲಾ, ಏನ್ ಸಮಾಚಾರ?” ಎಂದು ಗದರುತ್ತಿದ್ದ. ಅವನು ಕಟ್ಟಿದ ಕುರಿಯ ಹಗ್ಗ ಬಿಚ್ಚಬೇಕಾದರೆ ಕುರಿ ಮುದಿಯಾಗಿ ಸಾಯಬೇಕಿತ್ತು. ಸತ್ತ ಮೇಲೂ ಕುಡುಗೋಲು ಬೇಕಿತ್ತು.

“ತಾಳಿ ಕಟ್ಟಾದ್ಮೇಲೆ ಗಂಟು ಗಟ್ಟಿ ಐತಾ ಅಂತ ಎಳೆದು ನೋಡಿದ ಗಂಡಸು ಈ ಭೂಮಿ ಮ್ಯಾಲೆ ಇವ್ರೊಬ್ರೇಯಾ. ನನ್ನ ಕತ್ತು ಇವತ್ತೂ ಎಡಕ್ಕೆ ಒಸಿ ವಾಲ್ತದೆ,” ಎನ್ನುವುದು ಅವನ ಹೆಂಡತಿ ಸರಸಮ್ಮನ ದೂರು.

ಬಿಡದಿ ಕಡೆ ಕಾರ್ಖಾನೆಗಳು ಏಳುತ್ತಿದ್ದ ವರ್ಷಗಳವು. ರಾಗಿ ಹೊಲದಲ್ಲಿ ಒಂದು ಕಣ್ಣು ನಿದ್ದೆ ತೆಗೆದವನು ಎಚ್ಚರವಾದಾಗ ಯಾವುದೋ ಕಂಪನಿಯ ಕಾಂಪೌಂಡಿನೊಳಗಿರುತ್ತಿದ್ದ. ಹೊರಗೆ ಬರಲು ಗೇಟ್ ಪಾಸ್ ಕೇಳುತ್ತಿದ್ದರು. ಅಲ್ಲಿನ ಸಾಹೇಬರುಗಳಿಗೆ ಭಾನುವಾರ ಕಳೆಯಲೊಂದು ಜಾಗ ಬೇಕಾಯಿತು. ಬೆಂಗಳೂರಿನವರೊಬ್ಬರು ಕಣ್ವ ಜಲಾಶಯದ ಹಿನ್ನೀರಿನ ದಡದಲ್ಲಿ ಶೆಡ್ಡು ಹಾಕಿಸಿ ಮೋಟಾರು ಬೋಟು ತಂದರು. ಕಾಲಿಗೆ ಉದ್ದನೆಯ ಹಲಗೆ ತೊಟ್ಟು, ಬೋಟಿನ ಹಗ್ಗ ಹಿಡಿದು, ನೀರಿನ ಮೇಲೆ ಜಾರುವ ಆಟ. ಪುಟ್ಟಲಿಂಗಯ್ಯ ಅಲ್ಲಿ ವಾಚ್‌ಮನ್ ಆದ. ಮದುವೆಯಾದ ಮಗ ಶ್ರೀನಿವಾಸ ಬೋಟಿನ ಕೆಲಸಕ್ಕೆ ಸೇರಿ, ನೋಡನೋಡುತ್ತಲೇ ಮಿಂಚುಳ್ಳಿಗೆ ಹೊಟ್ಟೆಯುರಿ ಬರುವ ಹಾಗೆ ಜಾರುವುದನ್ನು ಕಲಿತುಬಿಟ್ಟ.

ಒಂದು ಮಧ್ಯಾಹ್ನ ತಿರುವಿನಲ್ಲಿ ಸೀನ ಬಿದ್ದ. ಮನುಷ್ಯ ಒಂದು ದಿಕ್ಕಿಗೆ, ಹಲಗೆಗಳು ಇನ್ನೆರಡು ದಿಕ್ಕಿಗೆ. ದಡದಲ್ಲಿದ್ದ ಅಪ್ಪನ ಕಣ್ಣು ಮಗನಿಗಿಂತ ಮೊದಲು ಆ ಬರಿದಾದ ರಬ್ಬರ್ ಜೋಡುಗಳ ಮೇಲೆ ಬಿತ್ತು. ಹಲಗೆಗೆ ಕೂರಿಸಿದ ಜೋಡು. ಹಿಮ್ಮಡಿ ಹಿಡಿಯುವ ರಬ್ಬರನ್ನು ಹಿಂದೆ ಮುಂದೆ ಸರಿಸಲು ಸ್ಕ್ರೂ. ಆ ಸ್ಕ್ರೂಗಳನ್ನು ಬೆಳಿಗ್ಗೆ ತಾನೇ ಮೆಕ್ಯಾನಿಕ್ ಗೌಸ್ ತಿರುಗಿಸುತ್ತಿದ್ದುದನ್ನು ಅವನು ಕಂಡಿದ್ದ. ರಾಮನಗರದಲ್ಲಿ ಮೊಪೆಡ್ ರಿಪೇರಿ ಮಾಡಿಕೊಂಡಿದ್ದ ಗೌಸ್ ಈಗ ಬೋಟಿಗೂ ಹಲಗೆಗಳಿಗೂ ಒಡೆಯ.

ಊಟಕ್ಕೆ ಕೂತಾಗ ಪುಟ್ಟಲಿಂಗಯ್ಯ ಮುದ್ದೆ ಮುರಿಯಲಿಲ್ಲ.

“ಕಾಲಲ್ಲಿ ನಿಲ್ಲದ ಜೋಡು ಒಂದು ಜೋಡೇನ್ಲಾ? ಗೌಸು ಬೇಕೂ ಅಂತ್ಲೇ ಸಡ್ಲ ಮಾಡವ್ನೆ.”

“ಬಿದ್ರೆ ಬಿಚ್ಕೋಬೇಕು ಕಣಪ್ಪೋ, ಅದನ್ನ ಮಾಡಿರೋದೇ ಹಂಗೆ,” ಎಂದ ಸೀನ.

“ಹಂಗಂತ ನಿನ್ಗೆ ಯೋಳ್ದೋರು ಯಾರು?”

“ಗೌಸಣ್ಣ.”

“ಕೇಳುಸ್ಕೊಂಡೇನೆ ಸರಸಿ! ಕಳ್ಳನೇ ಬೀಗ ಸರಿಯಾಗೈತೆ ಅಂದವ್ನೆ! ಅವ್ನ ತಂಗಿ ಮಗ ಶೆಡ್ಡತ್ರಾನೇ ಸುಳಿದಾಡ್ತಾವ್ನೆ. ಸೀನ ಬಿದ್ರೆ ಇವನ ಜಾಗಕ್ಕೆ ಅವನ್ನ ನಿಲ್ಸಾದು!”

ಮಾರನೆಯ ದಿನದಿಂದ, ದಿನದ ಆಟ ಮುಗಿದು ಎಲ್ಲರೂ ನೆರಳಿಗೆ ಒರಗಿದ ಹೊತ್ತಿನಲ್ಲಿ, ಪುಟ್ಟಲಿಂಗಯ್ಯ ಶೆಡ್ಡಿಗೆ ನುಗ್ಗಿ ಸ್ಕ್ರೂ ಬಿಗಿಯತೊಡಗಿದ. ಬೆಳಿಗ್ಗೆ ಬಂದ ಗೌಸ್ ಬೆಚ್ಚಿಬಿದ್ದು ಸಡಿಲಿಸುತ್ತಿದ್ದ. ಇವನು ಬಿಗಿಯುವುದು, ಅವನು ಸಡಿಲಿಸುವುದು. ಆ ಸ್ಕ್ರೂಗಳು ತಿರುಗಿದ ಸುತ್ತನ್ನೆಲ್ಲ ಸೇರಿಸಿದರೆ ಮಾಗಡಿಗೆ ಹೋಗಿ ಕನಕಪುರದ ಮೇಲೆ ವಾಪಸು ಬರಬಹುದಿತ್ತು.

ಗೌಸ್‌ಗೂ ಅನುಮಾನ ಹತ್ತಿತು. “ಯಾವನೋ ಸೀನಪ್ಪನ ಕಾಲು ಮುರಿಯೋಕೆ ನಿಂತವ್ನೆ, ಸಾರ್,” ಎಂದು ಮಾಲೀಕರ ಕಿವಿಗೆ ಹಾಕಿದ. ಮಾಲೀಕರು ವಾಚ್‌ಮನ್ನನ್ನು ಕರೆದರು. “ಭಾನುವಾರ ಕಾರ್ಖಾನೆಯ ದೊಡ್ಡವರೆಲ್ಲ ಬರ್ತಾರೆ. ಶ್ರೀನಿವಾಸನೇ ಆಡಿ ತೋರಿಸ್ಬೇಕು. ಆ ಬೂಟುಗಳಿಗೆ ಯಾರೋ ಕೈ ಹಾಕ್ತಿದ್ದಾರೆ. ಹಿಡೀಬೇಕು ನೀವು.”

“ಹಿಡೀತೀನಿ ಸ್ವಾಮಿ,” ಎಂದ ಪುಟ್ಟಲಿಂಗಯ್ಯ, ಮಾಲೀಕರೂ ಗೌಸನ ಮೇಲೇ ಗುಮಾನಿ ಪಟ್ಟಿದ್ದಾರೆಂಬ ಖುಷಿಯಲ್ಲಿ.

ಶನಿವಾರ ಅವನು ಸ್ಕ್ರೂಗಳನ್ನು ಕೊನೆಯವರೆಗೂ ಬಿಗಿದ. ಅದೂ ಸಾಲದೆಂದು ಹಿಮ್ಮಡಿಯ ರಬ್ಬರಿಗೆ ಹುರಿ ಸುತ್ತಿ ತನ್ನ ಕುರಿ ಗಂಟು ಹಾಕಿದ. ಆಮೇಲೆ ಇನ್ನೊಂದು ಅನುಮಾನ ಬಂತು: ಇದನ್ನೂ ಕುಯ್ದರೆ? ಕಾಲಲ್ಲಿರುವ ಜೋಡಿಗೆ ಯಾವ ಕಳ್ಳ ತಾನೇ ಕೈ ಹಾಕಿಯಾನು? ಸೋಪು ನೀರು ಸವರಿಕೊಂಡು, ಉಸಿರು ಕಟ್ಟಿ, ಎರಡೂ ಪಾದ ತುರುಕಿ, ದಡದ ಕಲ್ಲುಗಳ ಮೇಲೆ ಹಲಗೆ ಚಾಚಿ ಕಾವಲು ಕೂತ.

ನಾಳೆಯ ಆಟಕ್ಕೆ ಅಳತೆ ನೋಡಲು ಸಂಜೆಯೇ ಗೌಸ್ ಬಂದ. ಕೈಯಲ್ಲಿ ಸ್ಕ್ರೂಡ್ರೈವರ್.

“ಸಿಕ್ದೆ ಕಣ್ಲಾ!” ಎಂದು ಪುಟ್ಟಲಿಂಗಯ್ಯ ಕೊರಳಪಟ್ಟಿಗೆ ಕೈ ಹಾಕಲು ಎದ್ದ. ಬಲಗಾಲಿನ ಹಲಗೆ ಎರಡು ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ದೇಹ ಒಂದು ಕಡೆ ಉರುಳಿತು, ಪಾದ ಇದ್ದಲ್ಲೇ ಉಳಿಯಿತು. ಅವನು ಕಿರಿಚಿದ್ದಕ್ಕೆ ದೊಡ್ಡಮಳೂರಿನ ಗುಡಿಯ ಗಂಟೆ ತಾನಾಗಿ ಅಲ್ಲಾಡಿತು ಎನ್ನುವವರು ಈಗಲೂ ಇದ್ದಾರೆ.

“ಅಲ್ಲಾಡ್ಬೇಡಿ ಪುಟ್ಟಲಿಂಗಣ್ಣ!”

“ಮುಟ್ಬೇಡ ಕಣ್ಲಾ! ಮುರ್ದಾಕಕ್ಕೆ ಬಂದಿದ್ದೀಯ!”

“ಮುರೀತಾ ಇರೋದು ಜೋಡು, ನಾನಲ್ಲ. ಒಂದೇ ಮಾತು ಹೇಳಿ. ಉಳ್ತಾ ಉಳ್ತಾ ಎತ್ತು ಬಿತ್ತು. ಮೊದ್ಲು ಏನ್ ಮಾಡ್ತೀರಿ?”

“ಇದೇನ್ಲಾ ಇವಂದು, ಪ್ರಾಣ ಹೋಯ್ತಾ ಇರುವಾಗ ಎತ್ತಿನ ಮಾತು! ಕೊರಳಿಗೆ ಕಟ್ಟಿರೋ ಜೊತಗೆ ಹಗ್ಗ ಬಿಚ್ತೀನಿ. ಬಿಚ್ದಿದ್ರೆ ನೊಗ ಕತ್ತು ಮುರೀತದೆ.”

“ಬಿಚ್ಚೋಕೆ ನೀವಿರ್ತೀರಿ. ನೀರಿನ ಮಧ್ಯದಲ್ಲಿ ಸೀನಪ್ಪಂಗೆ ಯಾರಿರ್ತಾರೆ? ಬೋಟು ಎಳೀತಾ ಇರ್ತದೆ. ಅದಕ್ಕೇ ಜೋಡು ತಾನೇ ಬಿಚ್ಕೋಬೇಕು.”

ಪುಟ್ಟಲಿಂಗಯ್ಯ ಕಲ್ಲಿನ ನಡುವೆ ತಿರುಚಿಕೊಂಡಿದ್ದ ತನ್ನ ಪಾದ ನೋಡಿದ, ಅದರ ಹಿಂದಿನ ನೀರು ನೋಡಿದ. ನಾಳೆ ಇದೇ ಗಂಟಿನೊಳಗೆ ಮಗನ ಕಾಲು ಇರುತ್ತಿತ್ತು.

“ಕುಯ್ಯಿ, ಗೌಸು,” ಎಂದ ಮೆಲ್ಲಗೆ. “ಗಂಟು ನಂದೇಯಾ. ಬಿಚ್ಚಾಕಾಗಕ್ಕಿಲ್ಲ.”

ಕಾಲು ಹಲಸಿನಕಾಯಿಯಷ್ಟು ಊದಿತು. ಸರಸಮ್ಮ ಹರಳೆಣ್ಣೆ ಹಚ್ಚುತ್ತಾ, “ತಾಳಿ ಗಂಟಿನ ಶಾಪ, ಇಷ್ಟು ವರ್ಸಕ್ಕೆ ತಟ್ತು,” ಎಂದಳು.

ಭಾನುವಾರ ಅವನು ದೊಣ್ಣೆ ಊರಿಕೊಂಡು ಎಲ್ಲರಿಗಿಂತ ಮೊದಲು ದಡದಲ್ಲಿದ್ದ. ಅನುಮಾನ ಎಲ್ಲಿಗೂ ಹೋಗಿರಲಿಲ್ಲ, ಮಗ್ಗುಲು ಬದಲಿಸಿತ್ತು. ಗೌಸ್ ಅಳತೆ ಕೂರಿಸಿದ; ಜೋಡಿನೊಳಗೆ ಸೇರಿದ್ದ ಮರಳು ತೊಳೆದ. ಸೀನನಿಗೆ ಜೋಡು ತೊಡಿಸಿ ಮರಳ ಗುಡ್ಡೆಯ ಮೇಲೆ ನಿಲ್ಲಿಸಿ, ಹಲಗೆ ಅಲ್ಲಾಡದಂತೆ ಅದರ ಮೇಲೆ ತಾನೇ ಕೂತು, ಪುಟ್ಟಲಿಂಗಯ್ಯ ಹೇಳಿದ: “ಬೀಳ್ಲಾ.”

ಸೀನ ಬಿದ್ದ. ಹಿಮ್ಮಡಿ ಜಾರಿ ಪಾದ ಹೊರಗೆ ಬಂತು.

“ಇನ್ನೊಂದ್ ಕಿತ ಬೀಳು. ಪಕ್ಕಕ್ಕೆ.”

“ಅಪ್ಪೋ, ಸಾಹೇಬ್ರು ನೋಡ್ತಾವ್ರೆ!”

“ನೋಡ್ಲಿ. ಅವ್ರನ್ನೂ ಬೀಳುಸ್ತೀನಿ.”

ಮಾತಿಗೆ ತಪ್ಪಲಿಲ್ಲ. ಆಡುತ್ತೇನೆಂದು ಚಡ್ಡಿ ತೊಟ್ಟು ಬಂದ ಕಾರ್ಖಾನೆಯ ದೊಡ್ಡ ಸಾಹೇಬರಿಗೂ ದೊಣ್ಣೆ ಅಡ್ಡ ಹಿಡಿದ. “ಸ್ವಾಮಿ, ಮೊದ್ಲು ಈ ಮರಳಲ್ಲಿ ಬೀಳಿ. ಕಾಲು ಈಚೆಗೆ ಬಂದ್ರೆ ನೀರಿಗೆ.” ಸಾವಿರ ಜನರಿಗೆ ಸಂಬಳ ಕೊಡುವವರು ನಾಲ್ಕು ಜನ ಗುಮಾಸ್ತರ ಎದುರಿಗೆ ಧೊಪ್ಪನೆ ಬಿದ್ದರು. ಕಾಲು ಬರಲಿಲ್ಲ. ಗೌಸ್ ಸ್ಕ್ರೂ ಸಡಿಲಿಸಿದ. ಮತ್ತೆ ಬಿದ್ದರು; ಬಂತು. ಅವರು ಮರಳು ಕೊಡವಿಕೊಂಡರು.

ಮೊದಲ ಸರದಿ ಸೀನನದು. ಬೋಟು ಗುಡುಗಿತು. ಒಂದು ಸುತ್ತು ಚೆನ್ನಾಗಿಯೇ ಹೋದ. ಎರಡನೆಯ ಸುತ್ತಿನಲ್ಲಿ ಅಲೆಯೊಂದು ಎತ್ತಿ ಒಗೆಯಿತು. ನೀರಿನ ಮೇಲೆ ಮೊದಲು ಒಂದು ಹಲಗೆ, ಆಮೇಲೆ ಇನ್ನೊಂದು, ಆಮೇಲೆ ಸೀನನ ತಲೆ. ಎರಡು ಕಾಲೂ ನೀರು ಒದೆಯುತ್ತಿದ್ದವು.

ಪುಟ್ಟಲಿಂಗಯ್ಯ ದೊಣ್ಣೆ ಬಿಸಾಡಿ ಚಪ್ಪಾಳೆ ಹೊಡೆದ. ಮಗ ಬಿದ್ದದ್ದಕ್ಕೆ ಕುಣಿಯುವ ಅಪ್ಪನನ್ನು ಸಾಹೇಬರೆಲ್ಲ ಬಾಯಿ ಬಿಟ್ಟು ನೋಡಿದರು.

ಚಪ್ಪಾಳೆ ಅರ್ಧಕ್ಕೆ ನಿಂತಿತು. ಅವನು ಗೌಸನ ಕಿವಿಯ ಬಳಿ ಬಗ್ಗಿದ.

“ಗೌಸಣ್ಣ, ಎಡದ ಹಲಗೆ ಒಸಿ ತಡವಾಗಿ ಮ್ಯಾಕೆ ಬಂತು. ಯಾವನಾದ್ರೂ ಬಿಗಿ ಮಾಡ್ಬುಟ್ನಾ?”

“ಆ ಯಾವನು ಇಲ್ಲೇ ಕುಂಟ್ತಾ ನಿಂತವ್ನೆ,” ಎಂದ ಗೌಸ್.

“ಆದ್ರೂ ಒಂದ್ ಕಿತ ನೋಡ್ಬುಡಾನ,” ಎಂದು ಪುಟ್ಟಲಿಂಗಯ್ಯ ಕುಂಟುತ್ತಾ ನೀರಿಗಿಳಿದ.