ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ

ಪುಸ್ತಕಗಳಿಗೆ ಹೊದಿಕೆ ರೂಪಿಸಿಕೊಟ್ಟವರ ಹೆಸರು ಸಾಮಾನ್ಯವಾಗಿ ಒಳಪುಟದ ಮೂಲೆಯಲ್ಲಿ, ಕನ್ನಡಕವಿಲ್ಲದವರಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ ಇರುತ್ತದೆ. ಎಷ್ಟೋ ಸಲ ಅಲ್ಲಿಯೂ ಇರುವುದಿಲ್ಲ. ಚಿತ್ರ ತಿದ್ದುವ ತಂತ್ರಾಂಶಗಳಲ್ಲಿ ಪಳಗಿದ ಕೈಗಳು ನಮ್ಮ ವೃತ್ತಿಯಲ್ಲಿ ಬೇಕಾದಷ್ಟಿವೆ. ಆದರೆ ಯಾವ ಫೋಟೋದ ನೆರವೂ ಇಲ್ಲದೆ, ಬರಿಯ ಪರದೆಯ ಮೇಲೆ, ಲೋಹದ ಸರಪಳಿಯೊಂದನ್ನು ಕೊಂಡಿ ಕೊಂಡಿಯಾಗಿ ಕಟ್ಟಿ, ನೋಡಿದವರು ತಮಗೆ ತಿಳಿಯದೆಯೇ ಮುಟ್ಟಿ ನೋಡುವಂತೆ ಮಾಡಬಲ್ಲವರು ನಾನು ಕಂಡಂತೆ ಒಬ್ಬರೇ. ನಮ್ಮ ಮುದ್ರಣಾಲಯದಲ್ಲಿ ಅವರನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಿದ್ದರು. ಅವರಿಗಿಂತ ವಯಸ್ಸಿನಲ್ಲಿ ದೊಡ್ಡವರಾದ ಮಾಲೀಕರೂ ಅಕ್ಕ ಎನ್ನುತ್ತಿದ್ದರು, ಅದನ್ನು ಯಾರೂ ವಿಚಿತ್ರವೆಂದು ತಿಳಿಯಲಿಲ್ಲ.

ಅವರನ್ನು ಅಭಿನಂದಿಸುವ ಈ ಸಂಪುಟಕ್ಕೆ ಬರೆಯಿರೆಂದು ಕೇಳಿದಾಗ ನನಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ನಿವೃತ್ತರಾದ ಮೇಲೆ ಅಕ್ಕ ನಮ್ಮ ವಿನ್ಯಾಸದ ಕೋಣೆಗೆ ಒಮ್ಮೆಯೂ ಕಾಲಿಟ್ಟಿಲ್ಲ. ಈ ಪುಸ್ತಕದ ಬಿಡುಗಡೆಗೂ ಬರುವುದಿಲ್ಲವೆಂದು ಈಗಾಗಲೇ ಹೇಳಿಬಿಟ್ಟಿದ್ದಾರೆ. ಅವರು ಒಂದು ಸಲ, ಒಂದೇ ಒಂದು ಸಲ, ಬಂದು ನನ್ನ ಪಕ್ಕ ನಿಲ್ಲಬೇಕೆಂಬುದು ನನ್ನ ಆಸೆ. ಈ ಲೇಖನ ಹುಟ್ಟಿದ್ದೂ ಆ ಆಸೆಯಿಂದಲೇ, ಇದರಲ್ಲಿ ಮುಚ್ಚುಮರೆ ಏಕೆ.

ಅಕ್ಕ ವೃತ್ತಿಗೆ ಬಂದಾಗ ವಿನ್ಯಾಸವೆಂದರೆ ಕತ್ತರಿ, ಬ್ಲೇಡು, ಗೋಂದು. ಫೋಟೋದಲ್ಲಿ ಮಸುಕಾದ ಮೂಗನ್ನು ಸಣ್ಣ ಕುಂಚದಿಂದ ತಿದ್ದುವುದು ಅವರ ಪಾಲಿನ ಕೆಲಸವಾಗಿತ್ತಂತೆ. ಕಂಪ್ಯೂಟರು ಬಂದ ವರ್ಷ ಜೊತೆಯ ಚಿತ್ರಗಾರರು ಮೂಗು ಮುರಿದು ಒಬ್ಬೊಬ್ಬರಾಗಿ ಮನೆಯ ದಾರಿ ಹಿಡಿದರೆ, ಅಕ್ಕ ಮಾತ್ರ ಕುರ್ಚಿಯ ಮೇಲೆ ಹಳೆಯ ಬಟ್ಟೆಯೊಂದನ್ನು ಮಡಿಸಿ ಹಾಕಿಕೊಂಡು ಪರದೆಯ ಮುಂದೆ ಕೂತರು. ಕೂತವರು ನಿವೃತ್ತಿಯ ದಿನದವರೆಗೆ ಏಳಲಿಲ್ಲ ಎಂದರೆ ಉತ್ಪ್ರೇಕ್ಷೆಯೇನೂ ಆಗದು.

ಸರಪಳಿ ಅವರಿಗೆ ಗಂಟುಬಿದ್ದದ್ದು ಬೀಗ, ಸರಪಳಿ ತಯಾರಿಸುವ ಕಂಪನಿಯೊಂದರ ಕ್ಯಾಟಲಾಗಿನ ಮೂಲಕ. ಹೊಳೆಯುವ ಉಕ್ಕಿನ ಫೋಟೋ ತೆಗೆದರೆ ಪ್ರತಿ ಕೊಂಡಿಯಲ್ಲೂ ಫೋಟೋಗ್ರಾಫರನ ಹೊಟ್ಟೆಯೇ ಕಾಣುತ್ತಿತ್ತು. ಬೇಸತ್ತ ಅಕ್ಕ, "ಬಿಡಿ, ನಾನೇ ಬರೀತೀನಿ" ಎಂದರಂತೆ. ಬರೆದರು. ಕ್ಯಾಟಲಾಗು ನೋಡಿದ ಕಂಪನಿಯವರು ಫೋಟೋ ಬಹಳ ಚೆನ್ನಾಗಿ ಬಂದಿದೆಯೆಂದು ಫೋಟೋಗ್ರಾಫರನ ಬೆನ್ನು ತಟ್ಟಿದರು. ಅಕ್ಕ ಈ ಕಥೆ ಹೇಳುವಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು.

ನಾನು ಸೇರಿದ ವಾರವೇ ನನ್ನ ಕೈಗೂ ಒಂದು ಸರಪಳಿಯ ಕೆಲಸ ಬಂತು. ನಾನು ಜಾಣೆ ಎಂದುಕೊಂಡಿದ್ದವಳು. ಒಂದು ಕೊಂಡಿ ಬರೆದು, ಅದಕ್ಕೆ ಉಬ್ಬು, ಹೊಳಪು, ನೆರಳು ಎಲ್ಲ ಕೊಟ್ಟು, ಅದನ್ನೇ ನಕಲು ಮಾಡಿ, ಬೇಕಾದ ಹಾಗೆ ತಿರುಗಿಸಿ ಸಾಲಾಗಿ ಜೋಡಿಸಿಬಿಟ್ಟೆ. ಊಟದ ಹೊತ್ತಿಗೆ ಮುಗಿದಿತ್ತು. ಅಕ್ಕ ಹಿಂದೆ ಬಂದು ನಿಂತು, ಹಣೆಯ ಮೇಲಿದ್ದ ಕನ್ನಡಕವನ್ನು ಕಣ್ಣಿಗೆ ಇಳಿಸಿದರು.

"ಈ ರೂಮಲ್ಲಿ ಎಷ್ಟು ದೀಪ ಇದೆ?"

"ಒಂದು, ಅಕ್ಕ."

"ನಿನ್ನ ಸರಪಳೀಲಿ ಕೊಂಡಿಗೊಂದು ದೀಪ ಇದೆಯಲ್ಲ, ಮದುವೆ ಮನೇನಾ ಇದು?"

ಆಗ ಕಣ್ಣಿಗೆ ಬಿತ್ತು. ಕೊಂಡಿಯನ್ನು ತಿರುಗಿಸಿದಾಗ ಅದರ ಮೈಮೇಲಿನ ಹೊಳಪೂ ಜೊತೆಗೇ ತಿರುಗಿತ್ತು. ಒಂದಕ್ಕೆ ಬೆಳಕು ಮೇಲಿನಿಂದ, ಪಕ್ಕದ್ದಕ್ಕೆ ಕೆಳಗಿನಿಂದ. "ಏಳು, ಆ ಕಡೆ ಸರಿ" ಎಂದು ಅಕ್ಕ ನನ್ನ ಕುರ್ಚಿಯಲ್ಲೇ ಕೂತು ಮೌಸ್ ಕಸಿದುಕೊಂಡರು. ಮೊದಲು ಬರಿಯ ಕೊಂಡಿಗಳನ್ನು ತಿರುಗಿಸಿ ಜೋಡಿಸಬೇಕು, ಬೆಳಕನ್ನು ಕಡೆಗೆ ಕೊಡಬೇಕು, ಎಲ್ಲಕ್ಕೂ ಒಂದೇ ದಿಕ್ಕಿನಿಂದ ಕೊಡಬೇಕು ಎಂದು ಅಂದು ಕಲಿತೆ.

ಅದಕ್ಕಿಂತ ದೊಡ್ಡ ಪಾಠ ಇನ್ನೂ ಬಾಕಿಯಿತ್ತು. ಒಂದು ಕೊಂಡಿಯೊಳಗೆ ಇನ್ನೊಂದು ಹಾದುಹೋಗುವಾಗ ಅವೆರಡೂ ಎರಡು ಕಡೆ ಅಡ್ಡ ಬರುತ್ತವೆ. ಒಂದು ಕಡೆ ಹೊಸ ಕೊಂಡಿ ಮೇಲಿರಬೇಕು, ಇನ್ನೊಂದು ಕಡೆ ಕೆಳಗೆ ನುಸುಳಬೇಕು. ನುಸುಳುವಲ್ಲಿ ಅದರ ಅಷ್ಟು ಭಾಗವನ್ನು ಮಾತ್ರ ಮರೆಮಾಡಿ, ಮೇಲಿನ ಕೊಂಡಿಯ ನೆರಳನ್ನು ತೆಳುವಾಗಿ ಬೀಳಿಸಬೇಕು. ನಾನು ಎರಡೂ ಕಡೆ ಮೇಲೆಯೇ ಇಟ್ಟಿದ್ದೆ. ಅಕ್ಕ ಪರದೆಯ ಮೇಲೆ ಬೆರಳಿಟ್ಟು, "ಇಲ್ಲಿ ಹಿಡಿದು ಎಳೀತೀನಿ ಅಂದ್ಕೋ. ಪಕ್ಕದ್ದು ಜೊತೆಗೆ ಬರತ್ತಾ?" ಎಂದರು. ಬರುತ್ತಿರಲಿಲ್ಲ. ನನ್ನ ಕೊಂಡಿಗಳು ಒಂದರ ಮೇಲೊಂದು ಸುಮ್ಮನೆ ಮಲಗಿದ್ದವು. ಆಮೇಲೆ ಪ್ರತಿಯೊಂದು ಸರಪಳಿಯನ್ನೂ ಅವರು ಹೀಗೆ ಎಳೆದು ನೋಡಿಯೇ ಕೆಳಗಿನ ಅಚ್ಚಿನ ಯಂತ್ರಕ್ಕೆ ಕಳಿಸುತ್ತಿದ್ದರು. ನನಗೆ "ಅವಸರ" ಎಂಬ ಹೆಸರಿಟ್ಟವರೂ ಅವರೇ. ನನ್ನ ನಿಜವಾದ ಹೆಸರು ಈಗಲೂ ಇಲ್ಲಿ ಅರ್ಧ ಜನಕ್ಕೆ ಗೊತ್ತಿಲ್ಲ.

ಅಕ್ಕ ಮೃದುವಾಗಿ ಮಾತಾಡಿದ್ದು ನನಗೆ ನೆನಪಿಲ್ಲ. ಆದರೆ ನನ್ನ ತಾಯಿ ಆಸ್ಪತ್ರೆಯಲ್ಲಿದ್ದ ದಿನಗಳಲ್ಲಿ, ಕೆಲಸ ಕೈತಪ್ಪಿತೆಂದೇ ತಿಳಿದು ಕೋಣೆಗೆ ಮರಳಿದ ನನಗೆ, ಅರ್ಧಕ್ಕೆ ಬಿಟ್ಟುಹೋಗಿದ್ದ ಚಿತ್ರಗಳೆಲ್ಲ ಮುಗಿದು, ನನ್ನ ಹೆಸರಿನಲ್ಲೇ ಮಾಲೀಕರ ಮೇಜು ಸೇರಿದ್ದು ತಿಳಿಯಿತು. ಯಾರು ಮಾಡಿದರೆಂದು ಯಾರೂ ಬಾಯಿಬಿಡಲಿಲ್ಲ. ಚಿತ್ರವನ್ನು ಹಿಗ್ಗಿಸಿ ನೋಡಿದೆ. ಕೊಂಡಿಗಳು ಅಡ್ಡ ಬರುವಲ್ಲಿ ನೆರಳಿನ ಅಂಚು ಒಂದು ಚೂರು ನೀಲಿಗೆ ತಿರುಗಿತ್ತು. ನೆರಳನ್ನು ಬರಿಯ ಕಪ್ಪಿನಲ್ಲಿ ಹಾಕದವರು ನಮ್ಮಲ್ಲಿ ಒಬ್ಬರೇ ಇದ್ದರು. ಥ್ಯಾಂಕ್ಸ್ ಹೇಳಲು ಹೋದರೆ, "ಅಮ್ಮ ಊಟ ಮಾಡ್ತಿದ್ದಾರಾ? ಹಾಗಾದ್ರೆ ಹೋಗಿ ಕೂತ್ಕೋ" ಎಂದು ಮುಖ ತಿರುಗಿಸಿದರು.

ಎಳೆದಷ್ಟು ಉದ್ದಕ್ಕೆ ತಾನೇ ಸರಪಳಿ ಮೂಡಿಸುವ ಸಿದ್ಧ ಕುಂಚಗಳು ತಂತ್ರಾಂಶದಲ್ಲೇ ಬಂದಾಗ ಅಕ್ಕ ಬೈಯುತ್ತಾರೆಂದು ನಾವೆಲ್ಲ ಕಾದಿದ್ದೆವು. ಅವರು ಒಂದು ಸಲ ಎಳೆದು ನೋಡಿ, "ಪರವಾಗಿಲ್ಲ, ಕೈನೋವಿರೋರಿಗೆ ಒಳ್ಳೇದು" ಎಂದು ತಮ್ಮ ಕೆಲಸಕ್ಕೆ ಮರಳಿದರು. ಅದಾಗಿ ಕೆಲವೇ ಕಾಲಕ್ಕೆ ನಿವೃತ್ತಿಯೂ ಬಂತು. ಹೊರಡುವಾಗ ಮಡಿಸಿದ ಬಟ್ಟೆಯನ್ನು ಕುರ್ಚಿಯ ಮೇಲೆಯೇ ಬಿಟ್ಟಿದ್ದರು. ಮರೆತಿದ್ದಾರೆ, ತೆಗೆದುಕೊಂಡು ಹೋಗಲಾದರೂ ಬರುತ್ತಾರೆ ಎಂದುಕೊಂಡಿದ್ದೆ.

ಬರಲಿಲ್ಲ. ಕೆಲಸ ಬಿಟ್ಟವರು ಕೆಲಸದಲ್ಲಿರುವವರ ತಲೆ ತಿನ್ನಬಾರದೆಂಬುದು ಅವರ ನಿಯಮ. ನಾನಾಗಿ ಫೋನು ಮಾಡಿದರೆ, "ಚೆನ್ನಾಗಿದೀನಿ, ಊಟ ಆಯ್ತು, ನೀನು ಕೆಲಸ ನೋಡು" ಎಂದು ಇಟ್ಟುಬಿಡುತ್ತಾರೆ. ನಾನು ಬರೆದದ್ದನ್ನು ಈಗ ಎಲ್ಲರೂ ಚೆನ್ನಾಗಿದೆ ಎನ್ನುತ್ತಾರೆ. ಕೇಳಿ ಕೇಳಿ ಸಾಕಾಗಿದೆ. ಬೆನ್ನ ಹಿಂದೆ ಕನ್ನಡಕ ಇಳಿಸುವ ಸದ್ದಿಗೆ ಕಿವಿ ಕಾಯುತ್ತದೆ, ಕೆಳಗೆ ಯಂತ್ರ ನಿಂತಾಗಲಂತೂ ಕೋಣೆ ತಡೆಯಲಾರದಷ್ಟು ನಿಶ್ಶಬ್ದವಾಗುತ್ತದೆ. ಅಕ್ಕ ಇಲ್ಲದ ಕೋಣೆ ನನಗೆ ಇನ್ನೂ ಒಗ್ಗಿಲ್ಲ.

ಈ ಸಂಪುಟದ ಹೊದಿಕೆಯನ್ನು ನನಗೇ ಒಪ್ಪಿಸಿದರು. ಸರಪಳಿಯಲ್ಲದೆ ಇನ್ನೇನು ಬರೆಯಲಿ? ಒಂದೇ ದಿಕ್ಕಿನಿಂದ ಬೆಳಕು, ನೆರಳಿನಂಚಿಗೆ ಚೂರು ನೀಲಿ, ಎಲ್ಲ ಅವರು ಕಲಿಸಿದ ಹಾಗೆಯೇ ಮಾಡಿದೆ, ಒಂದು ಕೊಂಡಿಯ ಹೊರತು. ಅದೊಂದನ್ನು, ಬೇಕೆಂದೇ, ಎರಡೂ ಕಡೆ ಮೇಲೆಯೇ ಇಟ್ಟಿದ್ದೇನೆ. ಎಳೆದರೆ ಸರಪಳಿ ಅಲ್ಲಿ ಬಿಚ್ಚಿಕೊಳ್ಳುತ್ತದೆ. ಸಂಪಾದಕರು ನೋಡಿ ಬಹಳ ಚೆನ್ನಾಗಿದೆ ಎಂದರು. ಅಚ್ಚಿಗೆ ಹೋಗುವ ಮುನ್ನ ಯಂತ್ರ ನಡೆಸುವ ಅಣ್ಣನಿಗೆ ಮಾತ್ರ ಗುಟ್ಟು ಹೇಳಿದೆ. ಅವರು ಕೈಯೊರೆಸಿಕೊಂಡು ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಒಂದು ತಪ್ಪಿಗೆ ಫೋನು ಮಾಡಿ ಬೈತಾರೆ ಅಷ್ಟೇ ಕಣಮ್ಮ. ಎರಡು ಇಟ್ಟಿದ್ರೆ ಬಂದೇಬಿಡ್ತಿದ್ರು."

"ಇದನ್ನ ಫೋನಲ್ಲಿ ಹೇಳಿಕೊಡೋಕಾಗಲ್ಲ ಅಣ್ಣ. ಮೌಸ್ ಹಿಡೀಲೇಬೇಕು."

ಅವರು ತಲೆಯಾಡಿಸಿ ಯಂತ್ರ ಶುರು ಮಾಡಿದರು.

ಇಲ್ಲಿ ಬರೆದುಬಿಟ್ಟರೆ ಅಕ್ಕನಿಗೆ ತಿಳಿಯುವುದಿಲ್ಲವೇ ಎಂದು ಯಾರಾದರೂ ಕೇಳಬಹುದು. ಅಕ್ಕ ಜನ್ಮದಲ್ಲಿ ಪುಸ್ತಕದ ಒಳಗೆ ಇಣುಕಿದವರಲ್ಲ. "ಒಳಗಿರೋದು ಬರೆದೋರ ಪಾಡು, ನಂಗ್ಯಾಕೆ" ಎನ್ನುವವರು. ಹೊದಿಕೆಯನ್ನು ಮಾತ್ರ ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಇಳಿಸಿ, ಬೆರಳಿಟ್ಟು ಎಳೆದು ನೋಡುತ್ತಾರೆ. ಆದ್ದರಿಂದ ಓದುಗರಲ್ಲಿ ನನ್ನದೊಂದೇ ವಿನಂತಿ: ದಯವಿಟ್ಟು ಬಾಯಿಬಿಡಬೇಡಿ.

ಅಕ್ಕನ ಕಣ್ಣು ಇನ್ನೂ ಬಹುಕಾಲ ಚುರುಕಾಗಿರಲಿ, ನಾಲಿಗೆ ಅದಕ್ಕಿಂತ ಚುರುಕಾಗಿರಲಿ. ತಿದ್ದುವುದಕ್ಕೆ ನಮ್ಮಲ್ಲಿ ತಪ್ಪುಗಳಿಗೇನೂ ಬರವಿಲ್ಲ. ಅವರು ಬಿಟ್ಟುಹೋದ ಬಟ್ಟೆಯನ್ನು ಒಗೆದು, ಮಡಿಸಿ, ನನ್ನ ಕುರ್ಚಿಯ ಮೇಲೆ ಹಾಕಿಟ್ಟಿದ್ದೇನೆ. ಅಕ್ಕ, ಬನ್ನಿ. ನಾನು ಎದ್ದು ಆ ಕಡೆ ಸರಿಯುತ್ತೇನೆ.