ಒಂಬತ್ತು ತಾಣ ಕಾದ ಶಾಂತಕುಮಾರಿ ಮೇಡಂ

ತಿಪಟೂರು ಸೀಮೆಯಲ್ಲಿ ಪುಸ್ತಕಗಳನ್ನು ಜತನ ಮಾಡಿದ ಗ್ರಂಥಪಾಲಕರು ಹಲವರಿದ್ದಾರೆ. ಊರೂರಿನ ಜಾಲತಾಣಗಳನ್ನೂ ಅದೇ ಜತನದಿಂದ ಕಾದವರು ನಾನು ಕಂಡಂತೆ ನಮ್ಮ ಕಾಲೇಜಿನ ಗ್ರಂಥಪಾಲಕಿ ಶ್ರೀಮತಿ ಶಾಂತಕುಮಾರಿಯವರೊಬ್ಬರೇ. ಹನ್ನೊಂದು ವರ್ಷಗಳ ಹಿಂದೆ ನಮ್ಮ ಕಾಲೇಜಿನ ಸರ್ವರಿನಲ್ಲಿ ಬ್ಲಾಗ್ ತಂತ್ರಾಂಶವನ್ನು ಒಂದೇ ಸಲ ಅಳವಡಿಸಿ, ಅದರಿಂದಲೇ ಅವರು ಒಂಬತ್ತು ತಾಣಗಳನ್ನು ನಡೆಸಿದರು. ಅರಳಗುಪ್ಪೆಯ ಹಾಲಿನ ಸಂಘ, ಶೆಟ್ಟಿಕೆರೆಯ ತೆಂಗು ಬೆಳೆಗಾರರು, ತುರುವೇಕೆರೆಯ ರಕ್ತದಾನಿಗಳ ಬಳಗ, ಹೀಗೆ ಒಂದೊಂದಕ್ಕೂ ಅದರದೇ ವಿಳಾಸ, ಅದರದೇ ಮುಖ. ಒಳಗಿನ ಬುನಾದಿ ಮಾತ್ರ ಒಂದೇ. ಅದು ಕೆಟ್ಟರೆ ಒಂಬತ್ತೂ ಒಟ್ಟಿಗೆ ಕೆಡುತ್ತವೆಂಬ ಭಯವೂ ಅದರೊಡನೆಯೇ ಇತ್ತು.

ಪ್ರಯೋಗಾಲಯ ಸಹಾಯಕನಾಗಿ ಸೇರಿದ ನನಗೆ ಟೈಫಾಯ್ಡ್ ಆದಾಗ ಹದಿನೈದು ದಿನ ಗಂಜಿ ಕಳಿಸಿದವರು ಅವರು. ಗುಣವಾಗಿ ಬಂದ ದಿನ ತಾಣಗಳ ಪಾಸ್‌ವರ್ಡನ್ನೂ ನಂಬಿ ಕೊಟ್ಟರು.

ಕಳೆದ ಶ್ರಾವಣದ ಒಂದು ಬೆಳಿಗ್ಗೆ, ಹತ್ತನೆಯ ತಾಣಕ್ಕೆ ವಿಳಾಸ ಜೋಡಿಸಲು ಹೋಗಿ ಎಲ್ಲಕ್ಕೂ ಬುನಾದಿಯಾದ ಮುಖ್ಯ ತಾಣದ ವಿಳಾಸವನ್ನೇ ಬದಲಾಯಿಸಿಬಿಟ್ಟೆ. ಒಂಬತ್ತೂ ನಿಂತವು. ಸರಿಪಡಿಸೋಣವೆಂದರೆ ಪಾಸ್‌ವರ್ಡ್ ಕೊಟ್ಟು ಒಳಹೋಗುವ ಪುಟವೂ ತೆರೆಯಲಿಲ್ಲ. ಕೆಲಸ ಹೋಯಿತೆಂದೇ ಎಣಿಸಿದೆ. ಅಷ್ಟರಲ್ಲಿ ರಕ್ತದಾನಿಗಳ ಬಳಗದ ಮಲ್ಲಿಕಾರ್ಜುನಯ್ಯನವರು ಗ್ರಂಥಾಲಯಕ್ಕೆ ಫೋನು ಮಾಡಿದರು.

“ಮೇಡಂ, ಅಮ್ಮಸಂದ್ರದ ಹೆಣ್ಮಗಳೊಬ್ಳು ಹೆರಿಗೆ ಆಸ್ಪತ್ರೆಗೆ ಬಂದವ್ಳೆ. ಓ ನೆಗೆಟಿವ್ ರಕ್ತ ಬೇಕು. ದಾನಿಗಳ ಪಟ್ಟೀನೇ ತೆರೀತಿಲ್ಲ ಕಣ್ರೀ.”

ನನ್ನ ತಪ್ಪನ್ನು ಹೇಳಿಕೊಂಡಾಗ ಮೇಡಂ ಬಯ್ಯಲಿಲ್ಲ. ಎರಡು ತಿಂಗಳ ಹಿಂದೆ ಮುದ್ರಿಸಿಟ್ಟಿದ್ದ ಪಟ್ಟಿಯನ್ನು ಕಪಾಟಿನಿಂದ ತೆಗೆದರು. ಆ ಗುಂಪಿನ ರಕ್ತದವರು ಅದರಲ್ಲಿ ಮೂವರೇ. ಒಬ್ಬರು ಊರು ಬಿಟ್ಟಿದ್ದರು, ಇನ್ನೊಬ್ಬರು ಫೋನು ಎತ್ತಲಿಲ್ಲ. ಮೂರನೆಯವರಾದ ಶೆಟ್ಟಿಕೆರೆಯ ಕರಿಬಸವಯ್ಯನವರು ಕಾಯಿ ಸುಲಿಸುತ್ತಿದ್ದವರು, “ಬತ್ತೀನಿ” ಎಂದಷ್ಟೇ ಹೇಳಿ ಬೈಕ್ ಹತ್ತಿದರು.

ಹಿಂದಿನ ದಿನ ತೆಗೆದಿಟ್ಟಿದ್ದ ನಕಲು ಪ್ರತಿಯಿಂದ ಮೇಡಂ ತಾಣಗಳನ್ನು ಮತ್ತೆ ಎಬ್ಬಿಸಿದಾಗ ಮಧ್ಯಾಹ್ನ ಕಳೆದಿತ್ತು. ತಾಯಿ ಮಗು ಕ್ಷೇಮವೆಂಬ ಸುದ್ದಿ ಬಂದದ್ದು ಸಂಜೆ.

ಪ್ರಾಂಶುಪಾಲರೆದುರು ಅವರು ಸುಳ್ಳು ಹೇಳಿ ನನ್ನನ್ನು ಉಳಿಸಲಿಲ್ಲ. “ಕೆಡಿಸಿದ್ದು ಜ್ಞಾನೇಶನೇ ಸರ್. ಪಾಸ್‌ವರ್ಡ್ ಕೊಟ್ಟೆ, ಕೆಟ್ಟರೆ ಸರಿಮಾಡೋದು ಹೇಳ್ಕೊಡಲಿಲ್ಲ. ಆ ತಪ್ಪು ನಂದು,” ಎಂದರು. ಹೊರಬಂದ ಮೇಲೆ ನನಗೊಬ್ಬನಿಗೇ ಕೇಳುವಂತೆ ಹೇಳಿದರು: “ನಂಗೂ ಹೆದರಿಕೆ ಕಣಪ್ಪ. ಹನ್ನೊಂದು ವರ್ಷದಿಂದ ಅಪ್‌ಡೇಟ್ ಒತ್ತುವಾಗೆಲ್ಲ ಕೈ ನಡುಗ್ತದೆ. ಅದಕ್ಕೇ ನಕಲು ಇಡ್ತೀನಿ.”

ಆ ವಾರದಿಂದಲೇ ಆರು ತಿಂಗಳು, ಪ್ರತಿ ಶನಿವಾರ, ಪ್ರಯೋಗದ ಪ್ರತಿಯೊಂದನ್ನು ಬೇಕೆಂದೇ ಕೆಡಿಸಿ ನನ್ನಿಂದ ಸರಿಮಾಡಿಸಿದರು.

ನಿವೃತ್ತಿಯ ದಿನ ಮುಖ್ಯ ಪಾಸ್‌ವರ್ಡ್ ಬದಲಿಸಲು ಅವರೇ ಸೂಚಿಸಿದರು. ನಾನು ಹೊಸದನ್ನು ಬರೆಯುವಾಗ ಅದು ತಮಗೆ ಕಾಣದಂತೆ ಎದ್ದು ಕಿಟಕಿಯತ್ತ ಮುಖ ಮಾಡಿ ನಿಂತರು. ಆ ಶ್ರಾವಣದ ಬೆಳಿಗ್ಗೆಗಿಂತ ಹೆಚ್ಚಾಗಿ ನಾನು ಹೆದರಿದ್ದು ಆ ಗಳಿಗೆಯಲ್ಲಿ; ಇನ್ನು ತಾಣಗಳನ್ನು ಕಾಯುವವನು ನಾನೊಬ್ಬನೇ. ಮೇಡಂ ನೂರು ಕಾಲ ಸುಖವಾಗಿರಲಿ, ಕಲಿಸುತ್ತಲೇ ಇರಲಿ. ನಕಲು ಇಡಲು ನೆನಪಿಸುವ ನನ್ನ ಕೈಯ ನಡುಕ ಎಂದೂ ಪೂರಾ ನಿಲ್ಲದಿರಲಿ.